ಹನ್ನೆರಡು ಬ್ಯಾಂಡಿನ ಸುಳ್ಳು

"ಇದು ಮನುಷ್ಯರ ಮಾತಲ್ಲ, ಬಾತುಕೋಳಿ," ಎಂದರು ಅತ್ತಿಗೆ.

ನಾನು ಸ್ಪೀಕರಿಗೆ ಕಿವಿಯನ್ನು ಇನ್ನಷ್ಟು ಹತ್ತಿರ ತಂದೆ. ಕ್ವಾ ಕ್ವಾ ಕ್ವಾ. ಒಂದು ಉಸಿರಿನಷ್ಟು ಬಿಡುವು. ಮತ್ತೆ ಕ್ವಾ ಕ್ವಾ. ಗೋಡೆ ಗಡಿಯಾರದಲ್ಲಿ ಸಂಜೆ ಐದು ಗಂಟೆ ಎರಡು ನಿಮಿಷ.

ಕತ್ತರಿಸಿದ ಪ್ಯಾಂಟುಗಳನ್ನೆಲ್ಲ ಬದಿಗೆ ತಳ್ಳಿ, ಅತ್ತಿಗೆ ಹೊಸ ರೇಡಿಯೋವನ್ನು ಹೊಲಿಗೆ ಮೇಜಿನ ನಟ್ಟನಡುವೆ ಕೂರಿಸಿದ್ದರು. ಹನ್ನೆರಡು ಬ್ಯಾಂಡು, ಹಸಿರು ದೀಪ, ಬೆಳ್ಳಿ ಬಣ್ಣದ ಎರಡು ಗುಂಡಿ. ಮದುವೆಗೆ ಹೊರಟ ಹಾಗೆ ಮಿನುಗುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ನಾನು ಬಾಯಿಯಲ್ಲೇ ಇಟ್ಟುಕೊಂಡೆ, ಏಕೆಂದರೆ ಅದನ್ನು ಕೊಂಡು ತಂದವರು ಅತ್ತಿಗೆ.

ಅತ್ತಿಗೆಯ ತಮ್ಮ, ಲಿಫ್ಟ್ ರಿಪೇರಿಯವನು, ಬೀದಿಗೆಲ್ಲ ಲಿಫ್ಟಣ್ಣ, ಮನೆ ಬಿಟ್ಟು ಅಂದಿಗೆ ಹದಿನೆಂಟು ದಿನ. 'ಒಂದು ತಿಂಗಳು ಹುಡುಕಬೇಡ, ನಾನು ಚೆನ್ನಾಗಿದ್ದೇನೆ' ಎಂದು ಚೀಟಿ ಬರೆದಿಟ್ಟು ಹೋಗಿದ್ದ. ಪೊಲೀಸರು ಚೀಟಿ ಓದಿದರು, ಅಕ್ಷರ ಅವನದೇ ಎಂದರು, ಫೈಲು ಮುಚ್ಚಿದರು.

ಅತ್ತಿಗೆ ಮುಚ್ಚಲಿಲ್ಲ. ಮುಂದಿನ ಸೋಮವಾರ ವಿಚಾರಣೆ ಇತ್ತು. ಎಂಟು ಮಹಡಿಯ ಆಫೀಸು ಕಟ್ಟಡದಲ್ಲಿ ಲಿಫ್ಟ್ ಕುಸಿದು ಇಬ್ಬರ ಕಾಲು ಮುರಿದಿತ್ತು. ಹಗ್ಗ ಸವೆದಿದೆ ಎಂದು ಮೂರು ಸಲ ಬರೆದುಕೊಟ್ಟಿದ್ದೆ ಅನ್ನುತ್ತಿದ್ದ ಅವರ ತಮ್ಮ. ಒಂದು ಸಲವೂ ಕೊಟ್ಟಿಲ್ಲ ಅನ್ನುತ್ತಿದ್ದ ಕಟ್ಟಡದ ಮ್ಯಾನೇಜರ್. ಸಾಕ್ಷಿ ಹೇಳಬೇಕಾದವನೇ ಮಾಯವಾದರೆ ತಪ್ಪು ಯಾರ ತಲೆಗೆ ಬರುತ್ತದೆ ಎಂದು ಹೇಳಲು ಪತ್ತೇದಾರ ಬೇಕಿಲ್ಲ.

"ನನಗೆ ವಿಚಾರಣೆ ಆಮೇಲೆ," ಎಂದಿದ್ದರು ಅತ್ತಿಗೆ. "ಅವನು ಬದುಕಿದಾನೋ ಇಲ್ವೋ ಅಷ್ಟು ಹೇಳು. ಬಾಕಿದ್ದು ಊರವರು ಏನಾದ್ರೂ ಅಂದ್ಕೊಳ್ಳಲಿ."

ನಾನು ವಿಮಾ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸುಳ್ಳು ಕ್ಲೈಮುಗಳನ್ನು ಮೂಸಿ ನೋಡಿ ನಿವೃತ್ತನಾದವನು. ಸುಟ್ಟ ಗೋದಾಮು, ಮುಳುಗಿದ ದೋಣಿ, ಸತ್ತು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಭಾವಮೈದುನ, ಎಲ್ಲ ನೋಡಿದ್ದೇನೆ. ಆದರೆ ಅಣ್ಣ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದೇ ಸಂಸಾರ ದಡ ಸೇರಿಸಿದ ಈ ಹೆಂಗಸು ನನ್ನನ್ನು ಒಂದು ಕೆಲಸ ಕೇಳಿದ್ದು ಅದೇ ಮೊದಲು. ಹಾಗಾಗಿ ನನಗೆ ಹೆದರಿಕೆಯಾಗಿತ್ತು. ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಕೈಯಲ್ಲಿದ್ದ ಸುಳಿವು ಒಂದೇ. ಲಿಫ್ಟಣ್ಣ ಹವ್ಯಾಸಿ ರೇಡಿಯೋದವನು. ಲೈಸೆನ್ಸು ಪಡೆದು, ಮನೆಯಲ್ಲಿ ಕೂತು, ಮುಖ ಕಾಣದ ಊರಿನವರ ಜೊತೆ ಗಾಳಿಯಲ್ಲಿ ಮಾತಾಡುವ ಜಾತಿ. ಹೋಗುವಾಗ ಎರಡು ಜೊತೆ ಬಟ್ಟೆ ಮತ್ತು ಮಾತಾಡುವ ಸೆಟ್ಟು ಒಯ್ದಿದ್ದ. ತನ್ನ ಲಾಗ್ ಪುಸ್ತಕ ಬಿಟ್ಟು ಹೋಗಿದ್ದ. ಅದರಲ್ಲಿ ದಿನಕ್ಕೊಂದು ಸಾಲು, ವರ್ಷಗಟ್ಟಲೆ ಒಂದೇ ಸಾಲು: ಸಂಜೆ ಐದು ಗಂಟೆ, ವಾಲ್ವ್ ಮಾಸ್ತರು, ಏಳು ಸಾವಿರದ ಎಪ್ಪತ್ತೈದು.

ಕೊನೆಯದು ಗಾಳಿಯಲ್ಲಿ ಅವನು ನಿಲ್ಲುವ ಜಾಗದ ಸಂಖ್ಯೆ. ಅವನು ಎಲ್ಲೇ ಇರಲಿ, ಸೆಟ್ಟು ಜೊತೆಗಿದ್ದರೆ ಐದು ಗಂಟೆಗೆ ಬಾಯಿ ತೆರೆಯದೆ ಇರಲಾರ ಎಂದು ಅತ್ತಿಗೆಯ ಲೆಕ್ಕ. ಮನೆಯಲ್ಲಿ ಕೂತು ಕೇಳಲು ಒಂದು ರೇಡಿಯೋ ಬೇಕಾಯಿತು. ಅವರಿಗೆ ಗೊತ್ತಿದ್ದ ಅಂಗಡಿ ಒಂದೇ, ತಮ್ಮನಿಗೆ ವಿದ್ಯೆ ಕಲಿಸಿದ ವಾಲ್ವ್ ಮಾಸ್ತರದ್ದು. ನನ್ನನ್ನು ಕೇಳದೆ ಹೋಗಿ ತಂದಿದ್ದರು.

"ಮಾಸ್ತರು ಏನಂದ್ರು?" ಎಂದು ಕೇಳಿದೆ.

"ಅವನ ಸುದ್ದಿ ಕೇಳಿದ್ರೆ ಮಾತು ತೇಲಿಸಿದ್ರು. ಮೊದಲನೇ ಸೆಟ್ಟು ಅಂದ್ರೆ ಇದೇ ಇರಬೇಕು ತಾಯಿ, ಹನ್ನೆರಡು ಬ್ಯಾಂಡು, ಜಗತ್ತೇ ಕೇಳುತ್ತೆ ಅಂದ್ರು. ಜಗತ್ತು ಯಾರಿಗೆ ಬೇಕು? ನನಗೆ ಒಬ್ಬ ಕೇಳಿದ್ರೆ ಸಾಕು."

ಕ್ವಾ ಕ್ವಾ ನಿಂತಿತು. ಗಡಿಯಾರ ಐದು ಗಂಟೆ ನಾಲ್ಕು ನಿಮಿಷ ತೋರಿಸುತ್ತಿತ್ತು. ಅತ್ತಿಗೆ ರೇಡಿಯೋ ಆರಿಸಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು ಏನೋ ನೆನಪು ಮಾಡಿಕೊಳ್ಳುತ್ತಿದ್ದರು.

"ಅವನ ಸೆಟ್ಟಲ್ಲೂ ಮೊದಲು ಹೀಗೇ ಬರ್ತಿತ್ತು ಕಣಪ್ಪ. ಆಮೇಲೆ ಒಂದು ಸಣ್ಣ ಗುಂಡಿ ಇತ್ತು. ನಾನು ದಾರದ ಬಿಗಿ ಸರಿ ಮಾಡ್ತೀನಲ್ಲ, ಹಾಗೆ ಒಂದು ಕೂದಲೆಳೆ ತಿರುಗಿಸೋನು. ಬಾತುಕೋಳಿ ಮನುಷ್ಯ ಆಗೋದು."

ನಾವಿಬ್ಬರೂ ಹೊಸ ರೇಡಿಯೋವನ್ನು ತಿರುವಿ ಮುರುವಿ ನೋಡಿದೆವು. ಅಂಥ ಗುಂಡಿ ಇರಲಿಲ್ಲ.

ನಲವತ್ತು ವರ್ಷ ರೇಡಿಯೋ ಮಾರಿದವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ನನ್ನ ನೋಟುಪುಸ್ತಕದಲ್ಲಿ ಅನುಮಾನದ ಪಟ್ಟಿ ಅಂತ ಒಂದಿತ್ತು. ಅದರಲ್ಲಿ ಇಷ್ಟು ದಿನ ಮ್ಯಾನೇಜರ್ ಒಬ್ಬನೇ ಆರಾಮಾಗಿ ಕೂತಿದ್ದ. ಅವನ ಕೆಳಗೆ ಇನ್ನೊಬ್ಬರಿಗೆ ಜಾಗ ಮಾಡಿದೆ.

*

ವಾಲ್ವ್ ಮಾಸ್ತರ ಅಂಗಡಿ ಊರಿನ ಆ ತುದಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನೊಬ್ಬನೇ ಒಳಗೆ ಹೋದೆ. ಅತ್ತಿಗೆ ಎದುರಿನ ಚಪ್ಪಲಿ ಅಂಗಡಿಯಲ್ಲಿ, ಕೊಳ್ಳುವ ಉದ್ದೇಶವಿಲ್ಲದ ಚಪ್ಪಲಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಕೂತರು. ಹನ್ನೆರಡು ಬ್ಯಾಂಡು ಅವರ ಕೈಚೀಲದಲ್ಲಿತ್ತು.

ಅಂಗಡಿಯೊಳಗೆ ಬೆಸುಗೆಯ ವಾಸನೆ. ನೆಲದಿಂದ ಸೂರಿನವರೆಗೆ ಬಾಯಿ ಬಿಟ್ಟುಕೊಂಡ ಹಳೇ ರೇಡಿಯೋಗಳು. ಮಾಸ್ತರು ಎಪ್ಪತ್ತರ ಸಣ್ಣ ಜೀವ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ತಗಡಿನೊಳಗೆ ಇಣುಕುತ್ತಿದ್ದರು. ನನ್ನನ್ನು ಅವರು ಹಿಂದೆ ನೋಡಿರಲಿಲ್ಲ.

"ಏನ್ ಬೇಕಿತ್ತು ಸ್ವಾಮಿ?"

"ಹವ್ಯಾಸಿ ರೇಡಿಯೋದವರು ತಮ್ಮತಮ್ಮಲ್ಲಿ ಮಾತಾಡ್ಕೋತಾರಂತಲ್ಲ, ಅದನ್ನ ಮನೇಲಿ ಕೂತು ಕೇಳೋ ಆಸೆ. ನನಗೆ ಇದರ ತಲೆಬುಡ ಗೊತ್ತಿಲ್ಲ. ಮೊದಲ ಸೆಟ್ಟು ಯಾವುದು ತಗೊಳ್ಳಲಿ?"

"ಕೇಳೋಕೆ ಮಾತ್ರಾನೋ, ಮಾತಾಡೋಕೂನೋ?"

"ಕೇಳೋಕೆ ಮಾತ್ರ. ಮಾತಾಡಿ ಕೆಟ್ಟಿದ್ದು ಸಾಕಾಗಿದೆ."

ಮಾಸ್ತರು ನಕ್ಕರು. ಭೂತಗನ್ನಡಿ ತೆಗೆದಿಟ್ಟರು. ತನ್ನ ವಿದ್ಯೆಯ ಬಗ್ಗೆ ಯಾರಾದರೂ ಕೇಳಲಿ ಎಂದು ವರ್ಷಗಟ್ಟಲೆ ಕಾದವರ ಮುಖ ಹೇಗೆ ಅರಳುತ್ತದೆ ಎಂದು ನಿಮಗೆ ಗೊತ್ತು. ಸತ್ಯ ಹೇಳಬೇಕೆಂದರೆ ಆ ಕ್ಷಣಕ್ಕೆ ನನಗೆ ಅವರು ಇಷ್ಟವಾಗಿಬಿಟ್ಟರು.

"ಒಳ್ಳೇದು. ಮಾತಾಡೋಕೆ ಪರೀಕ್ಷೆ ಬರೀಬೇಕು, ಲೈಸೆನ್ಸು ಬೇಕು. ಕೇಳೋಕೆ ಎರಡು ಕಿವಿ, ಒಂದಿಷ್ಟು ತಾಳ್ಮೆ."

ಗಾಜಿನ ಕಪಾಟಿನಲ್ಲಿದ್ದ ಹನ್ನೆರಡು ಬ್ಯಾಂಡಿನತ್ತ ಬೆರಳು ಮಾಡಿದೆ. ಅತ್ತಿಗೆ ತಂದದ್ದರ ಅವಳಿ. "ಅದು ಚೆನ್ನಾಗಿದೆಯಲ್ಲ?"

"ಅದು ನೋಡೋಕೆ. ಹಾಡು, ವಾರ್ತೆ ಕೇಳೋರಿಗೆ ಚಿನ್ನದಂಥದ್ದು. ನಮ್ಮವರ ಮಾತು ಅದರಲ್ಲಿ ಹುಡುಕೋದು ತೌಡು ಕುಟ್ಟಿದ ಹಾಗೆ."

"ಯಾಕೆ?"

"ನಮ್ಮವರು ದನೀನ ಅರ್ಧ ಕತ್ತರಿಸಿ ಕಳಿಸ್ತಾರೆ ಸ್ವಾಮಿ. ಕಡಿಮೆ ಕರೆಂಟಲ್ಲಿ ದೂರ ಹೋಗ್ಲಿ ಅಂತ. ಕತ್ತರಿಸಿದ್ದನ್ನ ಕೇಳೋ ಸೆಟ್ಟೇ ತುಂಬಿಕೊಳ್ಳಬೇಕು. ಆ ಅನುಕೂಲ ಇಲ್ಲದ ಸೆಟ್ಟಲ್ಲಿ ಬರೀ ಬಾತುಕೋಳಿ ಕೂಗುತ್ತೆ."

ನಾನು ಗಂಭೀರವಾಗಿ ತಲೆಯಾಡಿಸಿದೆ.

"ಇದು?" ಅಂಗೈಯಗಲದ ವಾಕಿಟಾಕಿಯಂಥದ್ದನ್ನು ಎತ್ತಿದೆ.

"ಊರೊಳಗಿನ ಮಾತಿಗೆ ಸರಿ. ಟ್ಯಾಕ್ಸಿಯವರು ಜಗಳಾಡೋದು ಕೇಳಬಹುದು. ದೂರದವರು ಇದಕ್ಕೆ ಸಿಗಲ್ಲ."

"ಕಂಪ್ಯೂಟರಿಗೆ ಸಿಕ್ಕಿಸೋದು ಒಂದು ಬರುತ್ತಂತೆ?"

"ಬರುತ್ತೆ. ಒಳ್ಳೇದೇ. ಆದ್ರೆ ನಿಮ್ಮ ವಯಸ್ಸಿಗೆ ಕಂಪ್ಯೂಟರ್ ಜೊತೆ ಗುದ್ದಾಡೋದ್ರಲ್ಲೇ ಆಸೆ ಬತ್ತಿಹೋಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರಾಯಿತು. ತೋರಿಸಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯಂಥ ಹಳೇ ಸೆಟ್ಟನ್ನು ತೋರಿಸಿದೆ. ಇಬ್ಬರು ಹೊರಬೇಕಾದಷ್ಟು ದೊಡ್ಡದು.

"ಅದು ಮೂರನೇ ಸೆಟ್ಟು. ಈಜು ಕಲಿಯೋರು ಮೊದಲ ದಿನವೇ ಸಮುದ್ರಕ್ಕೆ ಹಾರಬಾರದು." ಮಾಸ್ತರು ಬಗ್ಗಿ, ಕಪಾಟಿನ ಕೆಳಗಿನ ಖಾನೆಯಿಂದ ಬೂದು ಬಣ್ಣದ ಪುಟ್ಟ ರೇಡಿಯೋ ತೆಗೆದರು. ಚೆಲುವು ಸೊನ್ನೆ. "ನಿಮಗೆ ಇದು. ಇಲ್ಲಿ ಎಸ್‌ಎಸ್‌ಬಿ ಅಂತ ಬರೆದಿದೆ ನೋಡಿ, ಆ ಅರ್ಧ ತುಂಬೋ ಸ್ವಿಚ್ಚು ಇದೇ. ಪಕ್ಕದಲ್ಲಿ ಈ ಸಣ್ಣ ಗುಂಡಿ. ಇದನ್ನ ಕೂದಲೆಳೆಯಷ್ಟು ತಿರುಗಿಸಿದ್ರೆ ಬಾತುಕೋಳಿ ಹೋಗಿ ಮನುಷ್ಯ ಬರ್ತಾನೆ."

ಕೂದಲೆಳೆ. ಶಿಷ್ಯ ಅಕ್ಕನ ಮುಂದೆ ಆಡುತ್ತಿದ್ದ ಮಾತು ಗುರುವಿನದೇ ಇರಬೇಕು.

"ಇದಿಷ್ಟು ತಗೊಂಡ್ರೆ ಆಯ್ತಾ?"

"ಅಲ್ಲೇ ಎಲ್ಲರೂ ಎಡವೋದು. ಸೆಟ್ಟಿಗೆ ಮರುಳಾಗಿ ತಂತೀನ ಮರೀತಾರೆ. ಹತ್ತು ಮೀಟರ್ ತಾಮ್ರದ ತಂತಿ, ಕಿಟಕಿಯಿಂದ ಆಚೆಗೆ, ಎತ್ತರಕ್ಕೆ, ಕರೆಂಟ್ ಲೈನಿಂದ ದೂರಕ್ಕೆ. ಸೆಟ್ಟು ಬ್ಯಾಟರೀಲೇ ಓಡಲಿ. ಕೇಳೋವಾಗ ಟ್ಯೂಬ್‌ಲೈಟು, ಮೊಬೈಲ್ ಚಾರ್ಜರು, ಹೊಲಿಗೆ ಮೋಟಾರು, ಎಲ್ಲ ಬಂದ್. ಅವು ಗಾಳೀಲಿ ಕಸ ಎಸೀತವೆ."

"ಇದನ್ನೆಲ್ಲ ಎಲ್ಲರಿಗೂ ಹೇಳ್ತೀರಾ?"

"ನಲವತ್ತು ವರ್ಷದಿಂದ ಇದೇ ಪುರಾಣ. ಹೊಸಬರಿಗೆ ತಪ್ಪು ಸೆಟ್ಟು ಕೊಟ್ರೆ ಅವರು ಮತ್ತೆ ಈ ಕಡೆ ತಲೆ ಹಾಕಲ್ಲ. ನಾನು ಒಬ್ಬರಿಗೂ ತಪ್ಪು ಸೆಟ್ಟು ಕೊಟ್ಟಿಲ್ಲ."

ನಾನು ಬಾಗಿಲ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಅದು ನಮ್ಮ ಸಂಕೇತ. ಅತ್ತಿಗೆ ಎಡಗಾಲಿನ ಚಪ್ಪಲಿ ಕಳಚಿಟ್ಟು, ತಮ್ಮದನ್ನು ಮೆಟ್ಟಿಕೊಂಡು, ರಸ್ತೆ ದಾಟಿ ಬಂದರು. ಕೈಚೀಲದಿಂದ ಹನ್ನೆರಡು ಬ್ಯಾಂಡು ತೆಗೆದು ಬೂದು ರೇಡಿಯೋದ ಪಕ್ಕದಲ್ಲಿಟ್ಟರು.

"ನಮಸ್ಕಾರ ಮಾಸ್ತರೇ," ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂದಿರಲೇ ಇಲ್ಲ.

"ನಾನೇನೂ ಮೋಸ ಮಾಡಿಲ್ಲ ತಾಯಿ," ಎಂದುಬಿಟ್ಟರು ಮಾಸ್ತರು.

"ಮೋಸ ಅಂತ ನಾನಂದ್ನಾ? ಕೇಳೋಕೆ ಬಂದೆ. ಇವರಿಗೆ ಹೇಳಿದ ಪುರಾಣದಲ್ಲಿ ನನಗೆ ಒಂದು ಅಧ್ಯಾಯನೂ ಹೇಳಲಿಲ್ವಲ್ಲ, ಯಾಕೆ?"

ಮಾಸ್ತರು ನನ್ನನ್ನು ನೋಡಿದರು, ರೇಡಿಯೋ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ನಾನು ಇವರ ಮೈದುನ," ಎಂದೆ. "ವಿಮಾ ಕಂಪನಿಯಲ್ಲಿದ್ದೆ. ತಪ್ಪಿ ಕೊಟ್ಟಿದ್ದಕ್ಕೂ ಬೇಕಂತ ಕೊಟ್ಟಿದ್ದಕ್ಕೂ ಇರೋ ವ್ಯತ್ಯಾಸ ಕಂಡುಹಿಡಿಯೋದೇ ನನ್ನ ಅನ್ನ ಆಗಿತ್ತು."

"ಹದಿನೇಳು ವರ್ಷದವನಿದ್ದಾಗ ನಿಮ್ಮ ಹತ್ರ ಬಂದ ಅವನು," ಎಂದರು ಅತ್ತಿಗೆ. ದನಿ ಏರಲಿಲ್ಲ. ಬಟ್ಟೆಯ ಅಳತೆ ಹೇಳುವ ದನಿ ಅದು. "ಮನೆಗೆ ಬಂದ್ರೆ ಬಾಯಲ್ಲಿ ಬರೀ ಮಾಸ್ತರು ಹಾಗಂದ್ರು, ಮಾಸ್ತರು ಹೀಗಂದ್ರು. ನನಗೆ ಹೊಟ್ಟೆಕಿಚ್ಚಾಗೋದು. ಅಂಥವರು ನನ್ನ ಕಿವಿ ಮೇಲೆ ಹೂವಿಟ್ಟು ಕಳಿಸಿದ್ರಿ."

ಮಾಸ್ತರು ಸ್ಟೂಲಿನ ಮೇಲೆ ಕೂತರು. ಬೆಸುಗೆ ಕಡ್ಡಿಯ ಪ್ಲಗ್ಗು ಕಿತ್ತರು. ಆಮೇಲೆ ಬಾಯಿ ಬಿಟ್ಟರು.

"ಹೋಗೋ ಹಿಂದಿನ ದಿನ ಬಂದಿದ್ದ. ಮ್ಯಾನೇಜರ್ ಕಡೆಯವರು ಬೆನ್ನು ಬಿದ್ದಿದಾರೆ, ವಿಚಾರಣೆ ದಿನದವರೆಗೂ ಎಲ್ಲಾದ್ರೂ ಇರ್ತೀನಿ ಅಂದ. ಬೆಟ್ಟದ ಕಡೆ, ರೈಲಲ್ಲಿ ಎರಡು ದಿನದ ದಾರಿ, ಯಾರೋ ಸ್ನೇಹಿತನ ಮನೆ. 'ಅಕ್ಕ ರೇಡಿಯೋ ಕೇಳ್ಕೊಂಡು ಬಂದೇ ಬರ್ತಾಳೆ ಮಾಸ್ತರೇ. ನನ್ನ ದನಿ ಬರೋ ಸೆಟ್ಟು ಮಾತ್ರ ಕೊಡಬೇಡಿ. ದನಿ ಕೇಳಿದ್ರೆ ಸುಮ್ನೆ ಕೂರಲ್ಲ, ಹುಡುಕ್ಕೊಂಡು ಹೊರಡ್ತಾಳೆ. ಅವಳ ಹಿಂದೆ ಅವರೂ ಬರ್ತಾರೆ' ಅಂದ. ಕೈ ಹಿಡಿದು ಮಾತು ತಗೊಂಡ."

"ಅಂದ್ರೆ ಬದುಕಿದಾನೆ?"

"ಬದುಕಿದಾನೆ ತಾಯಿ. ನಿನ್ನೆ ಐದಕ್ಕೂ ಮಾತಾಡಿದೀನಿ."

ಅತ್ತಿಗೆ ಅಂಗಡಿಯ ನಡುವೆ ನಿಂತೇ ಅತ್ತರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ. ಹತ್ತೊಂಬತ್ತು ದಿನ ಹಿಡಿದಿಟ್ಟದ್ದೆಲ್ಲ ಬಂತು. ಮಾಸ್ತರು ಒಂದು ಲೋಟ ನೀರು ತಂದುಕೊಟ್ಟರು. ಅತ್ತಿಗೆ ಕುಡಿದು, ಲೋಟ ಕೆಳಗಿಟ್ಟು, "ಬರಲಿ ಅವನು, ಬೆನ್ನಿಗೆ ನಾಲ್ಕು ಬಿಡ್ತೀನಿ," ಎಂದರು.

ನನ್ನ ಹಳೇ ಮೂಗು ಮಾತ್ರ ಇನ್ನೂ ಏನನ್ನೋ ಮೂಸುತ್ತಿತ್ತು.

"ಹತ್ತೊಂಬತ್ತು ದಿನದಿಂದ ಏನು ಮಾತಾಡಿದ್ರಿ ಮಾಸ್ತರೇ?"

"ಏನಿದೆ ಮಾತಾಡೋಕೆ? ಸಿಗ್ನಲ್ ಎಷ್ಟು ಬರ್ತಿದೆ ಅಂತ ಅವನು ಹೇಳ್ತಾನೆ, ನಾನು ಹೇಳ್ತೀನಿ, ಪೂರ್ತಿ ಬಂದ್ರೆ ಫೈವ್ ನೈನ್. ಅಲ್ಲಿ ಹವೆ ಹೇಗಿದೆ, ಇಲ್ಲಿ ಹೇಗಿದೆ. ಸೆವೆಂಟಿ ತ್ರೀ. ಅಂದ್ರೆ ನಮಸ್ಕಾರ ಅಂತ. ಮೂರ್ನಾಲ್ಕು ನಿಮಿಷ."

"ತಲೆಮರೆಸಿಕೊಂಡವನ ಜೊತೆ ಹವೆ ಮಾತಾಡಿದ್ರಾ?"

"ಗಾಳೀಲಿ ಆಡಿದ್ದು ಜಗತ್ತೇ ಕೇಳುತ್ತೆ ಸ್ವಾಮಿ. ಮನೆ ಮಾತು ಅಲ್ಲಿ ಆಡಬಾರದು. ಊರಲ್ಲಿದ್ದಾಗಲೂ ನಾವು ಅಷ್ಟೇ ಆಡ್ತಿದ್ದದ್ದು. ಇಪ್ಪತ್ತು ವರ್ಷದಿಂದ ಅದೇ ಕ್ರಮ, ಅದೇ ಸಾಲು. ಕ್ರಮ ತಪ್ಪಿಲ್ಲ ಅಂದ್ರೆ ಹುಡುಗ ಚೆನ್ನಾಗಿದಾನೆ ಅಂತ ನನಗೆ ಧೈರ್ಯ."

ಐವತ್ತು ದಾಟಿದ ಲಿಫ್ಟಣ್ಣ ಮಾಸ್ತರಿಗೆ ಇನ್ನೂ ಹುಡುಗನೇ.

"ಹವೆ ಹೇಗಿದೆಯಂತೆ ಅಲ್ಲಿ?"

"ಮೋಡ. ಸಣ್ಣಗೆ ಚಳಿ."

"ದಿನಾ?"

"ಬೆಟ್ಟ ಅಲ್ವಾ," ಎಂದರು ಮಾಸ್ತರು.

ಅತ್ತಿಗೆ ಬೂದು ರೇಡಿಯೋವನ್ನು ಕೈಚೀಲಕ್ಕೆ ಹಾಕಿಕೊಂಡಾಗಿತ್ತು. "ನಾನು ಹುಡುಕ್ಕೊಂಡು ಹೋಗಲ್ಲ. ಒಂದ್ಸಲ ದನಿ ಕೇಳ್ತೀನಿ, ಅಷ್ಟೇ. ಇವತ್ತು ಐದಕ್ಕೆ ನೀವು ನಮ್ಮ ಮನೇಲಿರ್ತೀರಿ. ತಂತಿ ನೀವೇ ಕಟ್ಟಿಕೊಡಬೇಕು."

"ಐದಕ್ಕೆ ನಾನಿಲ್ಲಿ ಇಲ್ಲದಿದ್ರೆ ಅವನಿಗೆ ಉತ್ತರ ಯಾರು ಕೊಡ್ತಾರೆ ತಾಯಿ?"

"ಒಂದು ದಿನ ಉತ್ತರ ಸಿಗದಿದ್ರೆ ಅವನೇನೂ ಕರಗಿಹೋಗಲ್ಲ. ನನಗೆ ಹತ್ತೊಂಬತ್ತು ದಿನ ಸಿಕ್ಕಿಲ್ಲ, ನಾನು ಕರಗಿದೀನಾ?"

ಮಾಸ್ತರು ಅಂಗಡಿಗೆ ಬೀಗ ಹಾಕಿದರು. ಹಗಲು ಹೊತ್ತಿನಲ್ಲಿ ಆ ಬೀಗ ಬಿದ್ದದ್ದು ಬಹಳ ಅಪರೂಪ ಇರಬೇಕು. ಚಪ್ಪಲಿ ಅಂಗಡಿಯವನು ಹೊರಗೆ ಬಂದು ನೋಡಿದ.

*

ನಾಲ್ಕು ಗಂಟೆಗೆ ಮಾಸ್ತರು ಅತ್ತಿಗೆಯ ಕಿಟಕಿಯಿಂದ ತಾರಸಿಯ ನೀರಿನ ಟ್ಯಾಂಕಿಯವರೆಗೆ ತಂತಿ ಎಳೆದರು. ನಾನು ಏಣಿ ಹಿಡಿದೆ. ಕರೆಂಟು ಕಂಬದ ಕಡೆ ಹೋಗಬೇಡಿ ಎಂದು ಅವರು ನನಗೆ ಮೂರು ಸಲ ಹೇಳಿದರು, ನಾನು ಏಣಿ ಬಿಟ್ಟು ಕದಲದಿದ್ದರೂ. ತಂತಿಯ ತುದಿಯನ್ನು ಪುಟ್ಟ ಕ್ಲಿಪ್ಪಿನಿಂದ ರೇಡಿಯೋದ ಏರಿಯಲ್ ಕಡ್ಡಿಗೆ ಕಚ್ಚಿಸಿದರು.

ಅತ್ತಿಗೆ ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದರು. ಟ್ಯೂಬ್‌ಲೈಟು, ಚಾರ್ಜರು, ಹೊಲಿಗೆ ಯಂತ್ರದ ಮೋಟಾರು. ಕೊನೆಗೆ ಫ್ರಿಜ್ಜು ಕೂಡ. ಮನೆ ಸದ್ದಡಗಿ ಕೂತಿತು. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಯಾರೋ ಪರಿಚಯದವರ ಕೋಟಿನ ತೋಳು ಅದರಲ್ಲಿ ಅರ್ಧ ಹೊಲಿದು ಬಿದ್ದಿತ್ತು.

ಐದಕ್ಕೆ ಎರಡು ನಿಮಿಷವಿರುವಾಗ ಮಾಸ್ತರು ಏಳು ಸಾವಿರದ ಎಪ್ಪತ್ತೈದಕ್ಕೆ ತಂದು ನಿಲ್ಲಿಸಿದರು. ಎಣ್ಣೆಯಲ್ಲಿ ನೀರು ಬಿದ್ದಂಥ ಚರಚರ ಸದ್ದು.

ಐದು.

ಕ್ವಾ ಕ್ವಾ ಕ್ವಾ.

"ನೀವೇ ತಿರುಗಿಸಿ ತಾಯಿ," ಎಂದರು ಮಾಸ್ತರು.

ಅತ್ತಿಗೆ ಸಣ್ಣ ಗುಂಡಿಗೆ ಬೆರಳು ಕೊಟ್ಟರು. ಕೂದಲೆಳೆಯಷ್ಟು. ಇನ್ನೊಂದು ಕೂದಲೆಳೆ. ಬಾತುಕೋಳಿಯ ಗಂಟಲು ದಪ್ಪಗಾಯಿತು, ಒಡೆಯಿತು, ಅದರೊಳಗಿಂದ ಲಿಫ್ಟಣ್ಣ ಬಂದ. ತನ್ನ ಕಾಲ್ ಸೈನ್, ಅಂದರೆ ಲೈಸೆನ್ಸಿನ ಗುರುತು, ಹೇಳಿದ. ಮಾಸ್ತರದ್ದು ಹೇಳಿದ. ಮೂಗಿನಲ್ಲಿ ಸ್ವಲ್ಪ ನೆಗಡಿ ಇದ್ದ ಹಾಗಿತ್ತು. ಅದೇ ನಿಧಾನ, ಪ್ರತಿ ಮಹಡಿಯಲ್ಲೂ ನಿಂತು ಹೋಗುವ ಲಿಫ್ಟಿನ ಹಾಗೆ.

"...ಮಾಸ್ತರೇ ನಮಸ್ಕಾರ. ಇಲ್ಲಿ ಮೋಡ. ಸಣ್ಣಗೆ ಚಳಿ..."

"ಅವನೇ," ಎಂದರು ಅತ್ತಿಗೆ. "ಅವನೇ ಕಣಪ್ಪ. ಬದುಕಿದಾನೆ." ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕರು. ಆ ನಗು ನೋಡಿ ನನಗೆ ಹತ್ತು ವರ್ಷ ಕಡಿಮೆಯಾದಂತಾಯಿತು. ಸೋಮವಾರದ ವಿಚಾರಣೆ, ಮ್ಯಾನೇಜರ್, ಎಲ್ಲ ಹಾಳಾಗಿ ಹೋಗಲಿ ಅನ್ನಿಸಿತು.

ಮಾಸ್ತರು ಮಾತ್ರ ನಗುತ್ತಿರಲಿಲ್ಲ. ಸಿಗ್ನಲ್ ತೋರಿಸುವ ಪಟ್ಟಿಯನ್ನೇ ನೋಡುತ್ತಿದ್ದರು. ಅದು ತುದಿಯವರೆಗೆ ಏರಿ ಅಲ್ಲೇ ನಿಂತಿತ್ತು.

"ಜೋರಾಯ್ತು," ಎಂದರು.

"ಜೋರಾದ್ರೆ ಒಳ್ಳೇದಲ್ವಾ?" ಎಂದೆ.

"ಅಂಗಡೀಲಿ ಇಷ್ಟು ಬರ್ತಿರಲಿಲ್ಲ." ಅವರು ಕೈ ಚಾಚಿ ತಂತಿಯ ಕ್ಲಿಪ್ಪು ಕಿತ್ತರು. ಅತ್ತಿಗೆ ಬೆಚ್ಚಿದರು. ಆದರೆ ದನಿ ಹೋಗಲಿಲ್ಲ. ಮಾಸ್ತರು ರೇಡಿಯೋದ ಕಡ್ಡಿಯನ್ನೂ ಮಡಚಿ ಒಳಗೆ ತಳ್ಳಿದರು. ಲಿಫ್ಟಣ್ಣ ಮೋಡ, ಚಳಿಯ ಬಗ್ಗೆ ಮಾತಾಡುತ್ತಲೇ ಇದ್ದ. ಒಂದಿಷ್ಟೂ ಕುಗ್ಗಲಿಲ್ಲ.

"ಎರಡು ದಿನದ ದಾರಿಯಿಂದ ಬರೋ ದನಿ ಹೀಗಿರಲ್ಲ ಸ್ವಾಮಿ. ಅದು ಏರುತ್ತೆ, ಇಳಿಯುತ್ತೆ, ಉಸಿರಾಡುತ್ತೆ. ತಂತಿ ಕಿತ್ರೆ ಸತ್ತೇ ಹೋಗುತ್ತೆ." "ಇದು ಇಲ್ಲೇ ಪಕ್ಕದಲ್ಲಿ. ಹೆಚ್ಚು ಅಂದ್ರೆ ನಾಲ್ಕೈದು ಮನೆ ಆಚೆ."

ಅತ್ತಿಗೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಇಲ್ಲೇನಾ? ಈ ಬೀದೀಲೇನಾ?" ಎದ್ದೇಬಿಟ್ಟರು. ಕುರ್ಚಿ ಹಿಂದಕ್ಕೆ ಬಿತ್ತು. "ನನ್ನ ಬಗಲಲ್ಲೇ ಕೂತ್ಕೊಂಡು ಬೆಟ್ಟ ಅಂತೆ, ಚಳಿ ಅಂತೆ! ಬನ್ನಿ, ಒಂದೊಂದು ಮನೆ ಬಾಗಿಲೂ ತಟ್ಟೋಣ."

"ಅತ್ತಿಗೆ, ಒಂದು ನಿಮಿಷ—"

"ಹತ್ತೊಂಬತ್ತು ದಿನ ಆಯ್ತು ನಿನ್ನ ಒಂದು ನಿಮಿಷ!" ಬರಿಗಾಲಲ್ಲೇ ಬಾಗಿಲ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದರು. ಅರವತ್ತರ ಹೆಂಗಸು, ಮಂಡಿ ನೋವಿನವರು, ಓಡಿದರು ಎಂದರೂ ತಪ್ಪಲ್ಲ.

"...ಇಷ್ಟು ನನ್ನ ಕಡೆಯಿಂದ ಮಾಸ್ತರೇ. ನಾನು ಹೇಗೆ ಕೇಳಿಸ್ತಿದೀನಿ? ಓವರ್."

ಚರಚರ ಸದ್ದು. ಮಾಸ್ತರ ಬಲಗೈ ಅಭ್ಯಾಸಬಲದಿಂದ ಮೈಕಿಗಾಗಿ ಮೇಜಿನ ಮೇಲೆ ತಡಕಿತು. ಅಲ್ಲಿ ಕತ್ತರಿ ಮಾತ್ರ ಇತ್ತು. ಕೈ ಹಿಂದಕ್ಕೆ ಬಂತು. ಉತ್ತರ ಕೊಡಬೇಕಾದವರು ಇಲ್ಲಿ, ನಮ್ಮ ಮುಂದೆ, ತುಟಿ ಬಿಗಿಹಿಡಿದು ಕೂತಿದ್ದರು. ಅಲ್ಲಿ ಅವನು ಕಾಯುತ್ತಿದ್ದ. ಇನ್ನೇನು ಮತ್ತೆ ಕರೆಯುತ್ತಾನೆ, ಮಾಸ್ತರೇ ಎಲ್ಲಿದೀರಿ ಎಂದು ಕೇಳುತ್ತಾನೆ ಎಂದುಕೊಂಡೆ.

"ಸರಿ ಮಾಸ್ತರೇ," ಎಂದ ಲಿಫ್ಟಣ್ಣ. "ಚೆನ್ನಾಗಿ ಕೇಳಿಸ್ತು. ನೀವೂ ಫೈವ್ ನೈನ್, ಒಂದು ಮಾತೂ ಬಿಟ್ಟುಹೋಗಲಿಲ್ಲ. ಅಲ್ಲಿಯ ಹವೆ ಹೇಗಿದೆ? ಓವರ್."

ಚಿಲಕದ ಸದ್ದು ನಿಂತಿತು.

ಮತ್ತೆ ಚರಚರ. ನಾನು ಗಡಿಯಾರ ನೋಡಿದೆ. ಮಾಸ್ತರು ಒಂದು ಉತ್ತರ ಹೇಳಿ ಮುಗಿಸಲು ಎಷ್ಟು ಬೇಕೋ ಅಷ್ಟು ಹೊತ್ತು.

"ಹೌದಾ ಮಾಸ್ತರೇ, ಒಳ್ಳೇದಾಯ್ತು. ಹಾಗಾದ್ರೆ ನಾಳೆ ಐದಕ್ಕೆ ಸಿಗೋಣ. ಸೆವೆಂಟಿ ತ್ರೀ."

ರೇಡಿಯೋದಲ್ಲಿ ಟೇಪ್ ರೆಕಾರ್ಡರ್ ನಿಂತ ಹಾಗೆ ಚಿಟಕ್ ಎಂದು ಸದ್ದಾಯಿತು. ಆಮೇಲೆ ಏನೂ ಇಲ್ಲ.

ಅತ್ತಿಗೆ ಬಾಗಿಲಿನಿಂದ ತಿರುಗಿದರು. ಮಾಸ್ತರ ಮುಖವನ್ನು ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ಆಗಷ್ಟೇ ಕಂಡ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ನೀವು ಬಾಯೇ ಬಿಡಲಿಲ್ಲ," ಎಂದರು.

"ಇಲ್ಲ ತಾಯಿ."

ಅವರು ನಿಧಾನವಾಗಿ ನಡೆದು ಬಂದರು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಮಾಸ್ತರ ಎದುರು ಕೂತರು.

"ಮಾಸ್ತರೇ, ಚೆನ್ನಾಗಿ ಯೋಚನೆ ಮಾಡಿ ಹೇಳಿ. ಈ ಹತ್ತೊಂಬತ್ತು ದಿನದಲ್ಲಿ ನೀವು ಕೇಳಿದ್ದಕ್ಕೆ, ನೀವು ಕೇಳಿದ್ದಕ್ಕೇ, ಅವನು ಒಂದು ಸಲವಾದ್ರೂ ಉತ್ತರ ಕೊಟ್ಟಿದಾನಾ?"

ವಾಲ್ವ್ ಮಾಸ್ತರು ರೇಡಿಯೋ ನೋಡಿದರು. ಇಪ್ಪತ್ತು ವರ್ಷದ ಅದೇ ಸಾಲುಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿರುವುದು ಅವರ ಕಣ್ಣಲ್ಲಿ ಕಾಣುತ್ತಿತ್ತು. ಆಮೇಲೆ ಅವರು ಇಲ್ಲ ಎಂದು ತಲೆಯಾಡಿಸಿದರು.